ಹೊಳೆಯಾಚೆಯ ಪಾಲು

ಫೆಬ್ರವರಿ ೪

ಚಿಕ್ಕಮ್ಮ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಕಾಗದ ಬರಿ, ಫೋನಲ್ಲಿ ನೀನು ನನ್ನ ಮಾತು ಪೂರ್ತಿ ಕೇಳಿಸ್ಕೊಳ್ಳಲ್ಲ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಇದೋ, ಕಾಗದ. ಕುಳಿತು ಓದು, ನಿಂತು ಓದಿದರೆ ಬಿದ್ದೀಯ.

ಹರಿದ ಕಿವಿಯ ಮುತ್ತಜ್ಜಿ ಸಿಕ್ಕಿದಳು. ಫೋಟೋ ಅಲ್ಲ, ದನಿ!

ಇಲ್ಲಿ ಒಂದು ಸಂಗ್ರಹಾಲಯವಿದೆ. ಹಡಗಿನಲ್ಲಿ ಬಂದವರು ನಮ್ಮನ್ನು ಆಳುತ್ತಿದ್ದಾಗ ಊರೂರು ಸುತ್ತಿ ಎತ್ತಿಕೊಂಡು ಬಂದದ್ದನ್ನೆಲ್ಲ ಅದರ ನೆಲಮಾಳಿಗೆಯಲ್ಲಿ ಸಾಲಾಗಿ ಜೋಡಿಸಿದ್ದಾರೆ. ಆಲ್ಬಮ್ಮಿಗಾಗಿ ಹಳೆಯ ಧ್ವನಿಮುದ್ರಣ ಹುಡುಕುತ್ತಾ ಮೂರು ತಿಂಗಳಿಂದ ಅಲ್ಲಿ ಹತ್ತಿಬಟ್ಟೆಯ ಕೈಗವಸು ಹಾಕಿಕೊಂಡು ಕೂತಿದ್ದೆ. ಹೋದ ವಾರ ಒಂದು ಮೇಣದ ಉರುಳೆ ಕೈಗೆ ಬಂತು, ಆ ಕಾಲದಲ್ಲಿ ದನಿ ಹಿಡಿದಿಡುತ್ತಿದ್ದುದು ಅದರಲ್ಲೇ. ನಮ್ಮ ಗುಡ್ಡವನ್ನು ಸರಪಳಿ ಹಿಡಿದು ಅಳೆದು, ನಮ್ಮವರನ್ನೆಲ್ಲ ಕೆಳಗಿನ ವಸತಿಗೆ ಇಳಿಸಿದನಲ್ಲ, ಅದೇ ಸರ್ವೆ ದೊರೆ ಹಿಡಿದದ್ದು. ಉರುಳೆಯ ಜೊತೆಗಿದ್ದ ಕಾರ್ಡಿನಲ್ಲಿ ಅವನದೇ ಕೈಬರಹ:

"ಹಾಡು ೪೧. ಗುಡ್ಡದ ಹೆಂಗಸು, ಎಡಗಿವಿ ಹರಿದಿದೆ. ಹಾಡುವಾಗ ಪದೇ ಪದೇ ನಿಲ್ಲುತ್ತಾಳೆ, ಉಸಿರಿನ ದೌರ್ಬಲ್ಯವಿರಬಹುದು. ಅಪೂರ್ಣ."

ಎಡಗಿವಿ ಹರಿದವಳು ನಮ್ಮಲ್ಲಿ ಇನ್ನು ಯಾರಿದ್ದಳು, ಹೇಳು? ನಾನು ಆ ಕಾರ್ಡ್ ಹಿಡಿದುಕೊಂಡು ಅಳತೊಡಗಿದೆ. "ಕಣ್ಣೀರು ಬೀಳ್ಸಬೇಡಿ, ಶಾಯಿ ಕದಡುತ್ತೆ" ಎಂದರು ಅಲ್ಲಿಯ ನಿರ್ದೇಶಕರು. ಒಳ್ಳೆಯವರೇ, ಸ್ವಲ್ಪ ಒಣಗಿದ ಜೀವ.

ಮೊದಲು ಬರೀ ಕರಕರ ಸದ್ದು. ಆಮೇಲೆ ಅವಳು. "ಕಲ್ಲಿಗೆ ಗೊತ್ತು." ಮತ್ತೆ ಕರಕರ. "ನೀರಿಗೆ ಗೊತ್ತು." ಮತ್ತೆ ಖಾಲಿ. ಕೊನೆಗೆ, "ನಾನು ಎಲ್ಲಿಗೂ ಹೋಗಿಲ್ಲ." ನಮ್ಮ ಮಾತಿನಲ್ಲಿ, ಚಿಕ್ಕಮ್ಮ! ಹಾಸ್ಟೆಲ್ ಶಾಲೆಯಲ್ಲಿ ಯಾವ ಮಾತಾಡಿದ್ದಕ್ಕೆ ನನ್ನ ನಾಲಿಗೆಗೆ ಸೋಪು ಹಚ್ಚಿದರೋ ಅದೇ ಮಾತಿನಲ್ಲಿ.

ಆಲ್ಬಮ್ಮಿನಲ್ಲಿ ಒಂಬತ್ತು ಹಾಡು. ಒಂದು ಆ ಸರಪಳಿಯ ಮೇಲೆ, ಒಂದು ಶಾಲೆಯ ಹಾಜರಿಯ ಮೇಲೆ: ಹೆಸರು ಕೂಗುತ್ತಾರೆ, ಯಾವುದೂ ನಮ್ಮದಲ್ಲ, ಆದರೂ ನಾವು "ಹಾಜರ್" ಎನ್ನುತ್ತೇವೆ. ಕೊನೆಯದು ಮುತ್ತಜ್ಜಿಯ ಈ ಹಾಡು. ಅವಳ ದನಿಯನ್ನು ಹಾಗೇ ಇಟ್ಟು, ನಡುವಿನ ಖಾಲಿಯಲ್ಲೆಲ್ಲ ನನ್ನ ಗಿಟಾರ್ ತುಂಬಿದ್ದೇನೆ. ಪಾಪ, ಅವಳಿಗೆ ಉಸಿರು ಸಾಲದ ಕಡೆ ಮೊಮ್ಮಗಳ ಮಗಳು ಹೆಗಲು ಕೊಟ್ಟ ಹಾಗೆ. ಸಂಗ್ರಹಾಲಯದವರೇ ಆಲ್ಬಮ್ ಹೊರತರುತ್ತಾರೆ. ಜೂನ್‌ನಲ್ಲಿ ಅವರ ಅಮೃತಶಿಲೆಯ ಸಭಾಂಗಣದಲ್ಲೇ ಬಿಡುಗಡೆ.

ಸಿ.ಡಿ. ಇಟ್ಟಿದ್ದೇನೆ. ಕೇಳಿ, ಹೇಗಿದೆ ಬರಿ.

ನಿನ್ನ ಪೀಪಿ

*

ಫೆಬ್ರವರಿ ೧೯

ಪೀಪಿ,

ಕಾಗದ ಬಂತು. ಕೂತೇ ಓದಿದೆ.

ಲಾಂಡ್ರಿಯಲ್ಲಿ ಮೂರನೇ ಯಂತ್ರ ಮತ್ತೆ ಕೆಟ್ಟು ಕೂತಿದೆ. ಆಸ್ಪತ್ರೆಯವರಿಗೆ ಅದೆಲ್ಲ ಗೊತ್ತಿಲ್ಲ, ಹಾಸಿಗೆ ಬಟ್ಟೆ ಕಳಿಸುತ್ತಲೇ ಇರುತ್ತಾರೆ. ನಮ್ಮ ಮೇಲ್ವಿಚಾರಕ ಬದಲಾಗಿದ್ದಾನೆ. ಹೊಸಬನ ಮುಖದ ಮೇಲೆ ಒಂದು ಗೆರೆ ಅಲುಗುವುದಿಲ್ಲ, ಅದಕ್ಕೆ ನಾವು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದೇವೆ. ನನ್ನ ಮಂಡಿ ನೋವು ಹಾಗೇ ಇದೆ, ನಾನೂ ಹಾಗೇ ಇದ್ದೇನೆ.

ಸಿ.ಡಿ. ಕೇಳಿದೆ. ಸದ್ದು ಸ್ಪಷ್ಟವಾಗಿದೆ.

ಚಳಿಗೆ ಕಿವಿ ಮುಚ್ಚಿಕೊ.

ಚಿಕ್ಕಮ್ಮ

*

ಮಾರ್ಚ್ ೨

ಚಿಕ್ಕಮ್ಮ,

"ಸದ್ದು ಸ್ಪಷ್ಟವಾಗಿದೆ." ಇಷ್ಟೇನಾ? ಯಂತ್ರ ರಿಪೇರಿಗೆ ಬಂದವನೂ ಇದಕ್ಕಿಂತ ಹೆಚ್ಚು ಹೇಳುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನಿನ್ನ ಹಳೆಯ ಚಾಳಿ, ಆದರೆ ಇದರಲ್ಲಿ ಬೇಡ.

ನಿನಗೆ ಹಿಡಿಸಲಿಲ್ಲ. ನನಗೆ ಗೊತ್ತು. ಏನು ಹಿಡಿಸಲಿಲ್ಲ? ಗಿಟಾರಾ? ಊರು ಬಿಟ್ಟು ಹೋದವಳು ಮನೆಯ ಅಜ್ಜಿಯನ್ನು ಸಂತೆಯಲ್ಲಿ ಕೂರಿಸಿದಳು ಎಂದೇ? ಹಾಗಿದ್ದರೆ ನೇರವಾಗಿ ಬೈದುಬಿಡು. ಬೈಗುಳಕ್ಕೆ ಉತ್ತರ ಕೊಡಬಹುದು, ಮೂರನೇ ಯಂತ್ರಕ್ಕೆ ಏನೆಂದು ಉತ್ತರ ಕೊಡಲಿ?

ಮೂರು ವರ್ಷ ಈ ಆಲ್ಬಮ್ಮಿಗೆ ಸುರಿದಿದ್ದೇನೆ. ಇಲ್ಲಿ ಪ್ರತಿ ವೇದಿಕೆಯ ಮೇಲೂ ನನ್ನನ್ನು "ಗುಡ್ಡದ ಗಾಯಕಿ" ಎಂದು ಕರೆಯುತ್ತಾರೆ. ಕೆಳಗಿಳಿದ ಮೇಲೆ "ಆ ಗುಡ್ಡ ಎಲ್ಲಿದೆ?" ಎಂದು ಕೇಳುತ್ತಾರೆ. ಅಣೆಕಟ್ಟಿನ ಕಚೇರಿ ಕಟ್ಟಿದ್ದಾರಲ್ಲ, ಅದರ ಕೆಳಗೆ ಎಂದು ನಾನು ಹೇಳಿದರೆ ಎಲ್ಲರಿಗೂ ಒಮ್ಮೆಗೇ ಬಾಯಾರಿಕೆಯಾಗಿ ಲೋಟ ಹುಡುಕುತ್ತಾರೆ. ಇವರ ಮುಂದೆ ನಿಲ್ಲಲು ನನಗೆ ಬೆನ್ನ ಹಿಂದೆ ಒಬ್ಬರಾದರೂ ಬೇಕು, ಚಿಕ್ಕಮ್ಮ. ಅಮ್ಮನಂತೂ ಇಲ್ಲ.

ಪೀಪಿ

*

ಮಾರ್ಚ್ ೨೮

ಚಿಕ್ಕಮ್ಮ,

ಇಪ್ಪತ್ತಾರು ದಿನವಾಯಿತು. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸುತ್ತಾನೆ.

ಸರಿ, ಬರೆಯಬೇಡ. ಆದರೆ ಒಂದು ವಿಷಯ ನಿನಗೆ ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ. ನಿರ್ದೇಶಕರು ಆಲ್ಬಮ್ಮಿಗೆ ಒಂದು ಹೆಸರು ಸೂಚಿಸಿದ್ದಾರೆ: "ಕಣ್ಮರೆಯಾದ ಜನರ ದನಿ". "ಸರ್, ನಾನು ದಿನಾ ಏಳೂವರೆ ಬಸ್ಸಿಗೆ ನಿಲ್ತೀನಿ, ಕಣ್ಮರೆ ಆಗಿಲ್ಲ" ಎಂದೆ. "ಇದು ಕಾವ್ಯಾತ್ಮಕವಾಗಿ" ಎಂದರು. ರೆಕಾರ್ಡಿಂಗ್ ಮಾಡುವ ನಮ್ಮ ಸೌಂಡು ಮಾಮ ಹಿಂದಿನಿಂದ, "ಹಂಗಾದ್ರೆ ಇವಳ ಬಸ್ ಪಾಸೂ ಕಾವ್ಯಾತ್ಮಕವಾಗಿ ಕೊಡ್ಸಿ ಸಾರ್" ಎಂದ. ನಾನು ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಹೆಸರು ಇನ್ನೂ ಅಂತಿಮವಾಗಿಲ್ಲ. ನೋಡೋಣ.

ಪೀಪಿ

*

ಏಪ್ರಿಲ್ ೯

ಪೀಪಿ,

ನಿನ್ನ ಮೂರು ಕಾಗದವನ್ನೂ ಮುಂದಿಟ್ಟುಕೊಂಡು ಕೂತಿದ್ದೇನೆ. ಇವತ್ತು ರಜೆ. ಹೇಳುವುದನ್ನು ಹೇಳಿಬಿಡುತ್ತೇನೆ, ನಡುವೆ ಬಾಯಿ ಹಾಕಬೇಡ. ಕಾಗದದ ಸುಖ ಅದೇ, ನೀನು ಬಾಯಿ ಹಾಕಲಾರೆ.

ನಿನ್ನ ಸಿ.ಡಿ.ಯನ್ನು ಮೊದಲು ಕೇಳಿದ್ದು ಬಟ್ಟೆ ಮಡಿಸುವ ಕೋಣೆಯಲ್ಲಿ, ಊಟದ ಬಿಡುವಿನಲ್ಲಿ. ವಸತಿಯ ಎಂಟು ಹೆಂಗಸರೂ ಇದ್ದರು. ಮುತ್ತಜ್ಜಿ "ಕಲ್ಲಿಗೆ ಗೊತ್ತು" ಎಂದಳು. ಅದರ ಹಿಂದೆಯೇ ನಿನ್ನ ಗಿಟಾರು ಟಿಂವ್ ಟಿಂವ್ ಎಂದಿತು. ನನಗೆ ನಗು ತಡೆಯಲಾಗಲಿಲ್ಲ. ಎಷ್ಟು ನಕ್ಕೆನೆಂದರೆ ಬಟ್ಟೆಯ ರಾಶಿಯ ಮೇಲೆ ಬಿದ್ದುಬಿಟ್ಟೆ. ಆಮೇಲೆ ಅತ್ತೆ. ಇದಿಷ್ಟನ್ನೂ ಅವತ್ತೇ ಬರೆಯಲಾರದೆ ಮೂರನೇ ಯಂತ್ರದ ಬಗ್ಗೆ ಬರೆದೆ.

ಏಕೆ ನಕ್ಕೆ? ನೀನು ಉತ್ತರಕ್ಕೆ ಉತ್ತರ ಕೊಟ್ಟಿದ್ದೀಯ, ಹುಚ್ಚಿ.

ಅದು ಒಂದು ಬಾಯಿಯ ಹಾಡಲ್ಲ. ಹಾಸಿಗೆ ಬಟ್ಟೆ ಮಡಿಸುವುದನ್ನು ಚಿಕ್ಕವಳಿದ್ದಾಗ ಕಿಟಕಿಯಿಂದ ನೋಡಿದ್ದೀಯ. ಒಬ್ಬಳು ತುದಿ ಹಿಡಿದು ನಿಲ್ಲುತ್ತಾಳೆ, ಇನ್ನೊಬ್ಬಳು ನಡೆದು ಬರುತ್ತಾಳೆ. ಒಬ್ಬಳೇ ಮಡಿಸಿದರೆ ಮುದ್ದೆಯಾಗುತ್ತದೆ. ನಮ್ಮ ಮನೆಯ ಹಾಡೂ ಹಾಗೆ. ಒಬ್ಬಳು ಪ್ರಶ್ನೆ ಕೇಳುತ್ತಾಳೆ, ಇನ್ನೊಬ್ಬಳು ಉತ್ತರ ಹೇಳುತ್ತಾಳೆ. ಕೇಳುವ ಪಾಲು ಒಬ್ಬಳಿಗೆ, ಹೇಳುವ ಪಾಲು ಇನ್ನೊಬ್ಬಳಿಗೆ. ಎರಡನ್ನೂ ಒಂದೇ ಬಾಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಏಕೆಂದು ನಾನೂ ನನ್ನ ಅಮ್ಮನನ್ನು ಕೇಳಿದ್ದೆ. "ಆಗ ಯಾರೂ ಪೂರ್ತಿ ಹಾಡನ್ನ ಕದಿಯಕ್ಕಾಗಲ್ಲ. ಇನ್ನೊಂದು, ಹಾಡ್ಬೇಕು ಅನ್ನಿಸ್ದಾಗ ಮುನಿಸು ಬಿಡ್ಲೇಬೇಕು" ಎಂದಿದ್ದಳು. ನನ್ನದು ಕೇಳುವ ಪಾಲು. ನಿನ್ನ ಅಮ್ಮನದು, ನನ್ನ ಅಕ್ಕನದು, ಹೇಳುವ ಪಾಲು. ಕೆಲಸದ ಜಾಗದಲ್ಲಿ ಮಾತ್ರ ಹಾಡುತ್ತಿದ್ದೆವು. ನಿನ್ನನ್ನಂತೂ ಆರನೇ ವರ್ಷಕ್ಕೇ ಹಾಸ್ಟೆಲಿಗೆ ಎತ್ತಿಕೊಂಡು ಹೋದರು, ನಿನಗೆ ಎಲ್ಲಿಂದ ಗೊತ್ತಾಗಬೇಕು.

ಈಗ ನಿನ್ನ ದೊರೆಯ ಕಥೆ ಕೇಳು. ಅವನು ದನಿ ಹಿಡಿಯುವ ಕಹಳೆ ನೆಟ್ಟು ಮುತ್ತಜ್ಜಿಯನ್ನು ಎದುರಿಗೆ ಕೂರಿಸಿದಾಗ ಮುತ್ತಜ್ಜಿಯ ತಂಗಿ ಎಲ್ಲಿದ್ದಳು ಗೊತ್ತೆ? ಹೊಳೆಯಾಚೆ. ಬಟ್ಟೆ ಒಗೆಯುತ್ತಾ. ಹಿಂದಿನ ದಿನವೇ ಇಬ್ಬರೂ ಮಾತಾಡಿಕೊಂಡಿದ್ದರು. ಅವಳು ಆಚೆ ದಡದಿಂದ ಕೇಳಿದಳು, ಇವಳು ಈಚೆ ದಡದಿಂದ ಹೇಳಿದಳು. ಹೊಳೆ ನಲವತ್ತು ಹೆಜ್ಜೆ ಅಗಲ, ಅವನ ಕಹಳೆಗೆ ಅಷ್ಟು ದೂರದ ಕಿವಿ ಇರಲಿಲ್ಲ. ಅವನಿಗೋ, ಒಗೆಯುವ ಹೆಂಗಸು ಏನೋ ಗೊಣಗುತ್ತಿದ್ದಾಳೆ, ಅಷ್ಟೆ. ಅವತ್ತು ಹಾಡು ಪೂರ್ತಿಯೇ ಆಯಿತು. ಅವನು ಅರ್ಧ ಹೊತ್ತುಕೊಂಡು ಹೋದ. ಇಂಗು ತಿಂದ ಮಂಗನ ಹಾಗೆ ಅವನೂ ಅವನ ಕಾರ್ಡೂ.

ಉಸಿರಿನ ದೌರ್ಬಲ್ಯವಂತೆ! ಗುಡ್ಡ ಹತ್ತುವಾಗ ಅವನನ್ನೇ ಇಬ್ಬರು ಹೊತ್ತುಕೊಂಡು ಬಂದಿದ್ದರು.

ಅತ್ತದ್ದು ಏಕೆ ಎಂದೂ ಹೇಳುತ್ತೇನೆ. ಅಕ್ಕ ಹೋಗಿ ಹನ್ನೊಂದು ವರ್ಷ. ಹನ್ನೊಂದು ವರ್ಷದಿಂದ ನನಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಚಿಕ್ಕಮ್ಮ

*

ಏಪ್ರಿಲ್ ೧೭

ಚಿಕ್ಕಮ್ಮ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಸೌಂಡು ಮಾಮನಿಗೂ ಓದಿ ಹೇಳಿದೆ. ಅವನು ಎದ್ದು ಹೋಗಿ ನನ್ನ ಗಿಟಾರಿನ ಭಾಗವನ್ನು ಅಳಿಸಿಬಿಟ್ಟ.

ಈಗ ನನ್ನ ಸರದಿ. ಎರಡು ವಿಷಯ ಮುಚ್ಚಿಟ್ಟಿದ್ದೆ.

ಮೊದಲನೆಯದು. ಹೆಸರು ಅಂತಿಮವಾಗಿಲ್ಲ ಎಂದು ಬರೆದದ್ದು ಸುಳ್ಳು. ಉರುಳೆ ಕೇಳಿದ ದಿನವೇ ನಿರ್ದೇಶಕರು ಒಂದು ಕರಾರು ಮುಂದಿಟ್ಟರು. ಹೆಸರು ಅವರದು, ಮುಖಪುಟದ ಮೇಲೆ ದೊರೆಯ ಫೋಟೋ, ಕೊನೆಯ ಹಾಡಿನ ಕೆಳಗೆ "ದೊರೆಯವರ ಸಂಗ್ರಹದಿಂದ". ಒಪ್ಪದಿದ್ದರೆ ಉರುಳೆಯ ಪ್ರತಿ ಇಲ್ಲ, ಆಲ್ಬಮ್ಮೂ ಇಲ್ಲ. ನಾನು ಸಹಿ ಹಾಕಿದೆ. ಅವಳ ದನಿ ಇನ್ನೂ ಕಿವಿಯಲ್ಲಿತ್ತು, ಏನು ಕೊಟ್ಟಿದ್ದರೂ ಸಹಿ ಹಾಕುತ್ತಿದ್ದೆ.

ಎರಡನೆಯದು ನಿನಗೆ ಗೊತ್ತು. ಊರು ಬಿಡುವ ಹಿಂದಿನ ಸಂಜೆ ನಾನು ಪೆಟ್ಟಿಗೆ ತುಂಬುತ್ತಿದ್ದೆ. ಅಮ್ಮ ಬಂದು, "ಒಂದು ಹಾಡು ಹೇಳ್ಕೊಡ್ತೀನಿ, ಬಾರೇ" ಎಂದಳು. "ಮುದುಕೀರ ಹಾಡು ನಂಗ್ಯಾಕಮ್ಮ, ಆಮೇಲೆ ನೋಡೋಣ" ಎಂದೆ. ನೀನು ಅಲ್ಲೇ ಮೂಲೆಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದೆ. ತಲೆಯೆತ್ತಲಿಲ್ಲ. ಅದೇ ವರ್ಷ ಅಮ್ಮ ತೀರಿಕೊಂಡಳು, ಆಮೇಲೆ ಎನ್ನುವುದು ಬರಲೇ ಇಲ್ಲ. ನೀನು ಆ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ, ಅದಕ್ಕೇ ನಾನು ಮನೆಯ ಕಡೆ ತಲೆ ಹಾಕಿ ಮಲಗುವುದನ್ನೂ ಬಿಟ್ಟೆ.

ಅಮ್ಮ ಕೊಡಲು ಬಂದ ಪಾಲನ್ನು ನಾನು ಕಳ್ಳನ ಪೆಟ್ಟಿಗೆಯಿಂದ ತೆಗೆದುಕೊಳ್ಳಬೇಕಾಯಿತು. ಅದಕ್ಕೆ ಅವನಿಗೆ ಋಣಿಯಾಗಬೇಕೇ? ಇಡೀ ವಾರ ಇದೇ ಯೋಚನೆ.

ಚಿಕ್ಕಮ್ಮ, ನಿನ್ನ ಪಾಲನ್ನು ಕಳಿಸು. ಸೌಂಡು ಮಾಮ ಒಂದು ಸಣ್ಣ ಯಂತ್ರ ಕಳಿಸುತ್ತಾನೆ, ಗುಂಡಿ ಒತ್ತಿ ಹಾಡಿದರೆ ಸಾಕು. ಎರಡನ್ನೂ ಸೇರಿಸಿ ಆಲ್ಬಮ್ಮಿನಲ್ಲಿ ಹಾಕುತ್ತೇನೆ. ಅಪೂರ್ಣ ಎಂದು ಬರೆದವನ ಮುಖಕ್ಕೆ ಪೂರ್ತಿ ಹಾಡು ಎಸೆಯೋಣ.

ಪೀಪಿ

*

ಏಪ್ರಿಲ್ ೨೬

ಪೀಪಿ,

ಕೊಡುವುದಿಲ್ಲ.

ಸಣ್ಣ ಯಂತ್ರ ಬಂತು. ಚೆನ್ನಾಗಿದೆ, ವಾಪಸು ಕಳಿಸಿದ್ದೇನೆ. ನೂರು ವರ್ಷ ಹೊಳೆಯಾಚೆ ನಿಲ್ಲಿಸಿ ಕಾಪಾಡಿದ್ದನ್ನು ನೀನು ಒಂದು ಗುಂಡಿ ಒತ್ತಿ ಅವನ ಪೆಟ್ಟಿಗೆಗೇ ಹಾಕಬೇಕು ಅನ್ನುತ್ತೀಯಲ್ಲ! ಮುಖಕ್ಕೆ ಎಸೆಯುತ್ತೀಯಂತೆ. ಅವನು ಎರಡು ಕೈಯಲ್ಲೂ ಹಿಡಿದುಕೊಂಡು, ಒರೆಸಿ, ನಂಬರು ಅಂಟಿಸಿ, ನಲವತ್ತೊಂದರ ಪಕ್ಕ ನಲವತ್ತೆರಡು ಎಂದು ಇಡುತ್ತಾನೆ.

ಅವರ ಹತ್ತಿರ ಇರುವುದು ಬರೀ ಉತ್ತರ, ಪೀಪಿ. ಪ್ರಶ್ನೆ ನಮ್ಮ ಹತ್ತಿರ ಇದೆ. ಪ್ರಶ್ನೆ ಇಲ್ಲದ ಉತ್ತರವನ್ನು ಎಷ್ಟು ದಿನ ಬೇಕಾದರೂ ತಣ್ಣಗೆ ಇಟ್ಟುಕೊಳ್ಳಲಿ. ನಿನಗೂ ನಾನು ಕಾಗದದಲ್ಲಿ ಬರೆಯುವುದಿಲ್ಲ. ನಿನ್ನ ಬಾಯಲ್ಲಿ ಈಗ ಅಕ್ಕನ ಪಾಲಿದೆ, ಅದರ ಪಕ್ಕದಲ್ಲಿ ಇದಕ್ಕೆ ಜಾಗವಿಲ್ಲ.

ಅವನಿಗೆ ಋಣ ಏತರದ್ದು? ಮಾವಿನಹಣ್ಣು ಕದ್ದವನು ತಿನ್ನಲು ಬಾರದೆ ಇಟ್ಟುಕೊಂಡರೆ ಗೊರಟೆ ಉಳಿಸಿದ ಪುಣ್ಯಾತ್ಮ ಅನ್ನುತ್ತಾರೆಯೇ? ಸಿಕ್ಕಿತು, ತಗೊ. ತಲೆ ಬಗ್ಗಿಸಬೇಡ.

ದಿಂಬಿನ ಚೀಲದ ವಿಷಯ. ನಾನು ಕೇಳಿಸಿಕೊಂಡೆ, ನಿಜ. ಸೂಜಿ ಬೆರಳಿಗೆ ಚುಚ್ಚಿತು, ಅದಕ್ಕೇ ತಲೆಯೆತ್ತಲಿಲ್ಲ. ನೀನು ಅತ್ತ ಹೋದ ಮೇಲೆ ಅಕ್ಕ ನಕ್ಕುಬಿಟ್ಟಳು. "ನಾನೂ ಅವಳ ವಯಸ್ಸಲ್ಲಿ ಹಿಂಗೇ ಅಂದಿದ್ದೆ, ಅಮ್ಮ ಪೊರಕೆ ತಗೊಂಡ್ಲು" ಎಂದಳು. ಇದನ್ನು ಹನ್ನೊಂದು ವರ್ಷದ ಹಿಂದೆಯೇ ನಿನಗೆ ಹೇಳಬೇಕಿತ್ತು. ಹೇಳದೆ ಇಟ್ಟುಕೊಂಡದ್ದು ನನ್ನ ಹಟ. ನೀನಾಗೇ ಬಂದು ಕೇಳಲಿ ಎಂದು ಕೂತಿದ್ದೆ. ತಪ್ಪಾಯಿತು.

ಸಹಿ ಹಾಕಿದ್ದು ನೀನು, ಅಳಿಸುವುದು ಹೇಗೆಂದು ನೀನೇ ನೋಡಿಕೊ. ಬಿಳಿ ಬಟ್ಟೆಯ ಕಲೆ ತೆಗೆಯುವುದು ಮಾತ್ರ ನನಗೆ ಗೊತ್ತು. ಮೊದಲನೆಯ ನಿಯಮ: ಒಣಗಲು ಬಿಡಬಾರದು.

ಚಿಕ್ಕಮ್ಮ

*

ಮೇ ೧೨

ಚಿಕ್ಕಮ್ಮ,

ಒಣಗಲು ಬಿಡಲಿಲ್ಲ.

ಸೋಮವಾರ ನಿರ್ದೇಶಕರ ಕೋಣೆಗೆ ಹೋದೆ. ಗೋಡೆಯ ತುಂಬ ನಕ್ಷೆಗಳು, ನಮ್ಮ ಗುಡ್ಡದ್ದೂ ಒಂದು, ಕಟ್ಟು ಹಾಕಿಸಿದ್ದಾರೆ. ಆಲ್ಬಮ್ಮಿನ ಹೆಸರು ಬದಲಾಗಬೇಕು, ಮುಖಪುಟದಿಂದ ದೊರೆ ಇಳಿಯಬೇಕು ಎಂದೆ.

"ಕರಾರಿಗೆ ಸಹಿ ಹಾಕಿದ್ದೀರಲ್ಲಮ್ಮ. ಆ ಧ್ವನಿಮುದ್ರಣ ಸಂಗ್ರಹಾಲಯದ ಆಸ್ತಿ" ಎಂದರು.

"ಇಟ್ಕೊಳ್ಳಿ. ಉರುಳೆ ನಿಮ್ಮದು, ಉಸಿರು ನಮ್ಮದು. ಅದನ್ನ ನಾನು ಬಳಸೋದೇ ಇಲ್ಲ, ನನ್ನ ಗಂಟಲಿದೆ" ಎಂದೆ.

"ಹಾಗಾದ್ರೆ ನಮ್ಮ ಸಭಾಂಗಣ ಇಲ್ಲ, ನಮ್ಮ ಹೆಸರಿಲ್ಲ, ಅಚ್ಚು ಹಾಕ್ಸೋದೂ ಇಲ್ಲ. ಯೋಚನೆ ಮಾಡಿ. ನಾವು ಕಾಪಾಡದೆ ಇದ್ದಿದ್ರೆ ಈ ಹಾಡು ನಿಮಗೆ ಸಿಗ್ತಿತ್ತಾ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗಂಟಲಲ್ಲಿ ನಿನ್ನ ಮಾವಿನಹಣ್ಣು ಸಿದ್ಧವಾಗಿತ್ತು. ಆದರೆ ಹೊರಬಂದದ್ದು ಬೇರೆ. "ನೀವು ನನ್ನನ್ನ ಆರು ವರ್ಷಕ್ಕೆ ಎತ್ಕೊಂಡು ಹೋಗದೆ ಇದ್ದಿದ್ರೆ ಇದು ನಮ್ಮಮ್ಮನ ಬಾಯಲ್ಲೇ ಸಿಗ್ತಿತ್ತು ಸರ್" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಾನಲ್ಲ" ಎಂದರು ಮೆಲ್ಲಗೆ. "ನೀವಲ್ಲ. ಆದ್ರೆ ಕೀಲಿಕೈ ನಿಮ್ಮ ಹತ್ರ ಇದೆ" ಎಂದೆ. ಕರಾರು ರದ್ದಾಯಿತು.

ಕೊನೆಯ ಹಾಡನ್ನು ನಾನೇ ಹಾಡಿದೆ. ಅಮ್ಮನ ಪಾಲು. ನಡುವಿನ ಖಾಲಿಯನ್ನು ಖಾಲಿಯಾಗಿಯೇ ಬಿಟ್ಟಿದ್ದೇನೆ. ಗಿಟಾರಿಲ್ಲ, ಏನೂ ಇಲ್ಲ. "ಜನ ಸಿ.ಡಿ. ಕೆಟ್ಟೋಗಿದೆ ಅಂದ್ಕೊಂಡು ವಾಪಸ್ ತಂದ್ರೆ?" ಎಂದ ಸೌಂಡು ಮಾಮ. ತರಲಿ.

ಬಸ್ ಕಾರ್ಮಿಕರ ಸಂಘದ ಸಭಾಂಗಣ ಸಿಕ್ಕಿದೆ. ಜೂನ್ ೨೦, ಶನಿವಾರ, ಸಂಜೆ ಏಳು. ಆಲ್ಬಮ್ಮಿನ ಹೆಸರು "ಎಲ್ಲಿಗೂ ಹೋಗಿಲ್ಲ".

ನೀನು ಬರುತ್ತೀಯಾ?

ಪೀಪಿ

*

ಮೇ ೩೦

ಪೀಪಿ,

ಆ ಸಭಾಂಗಣದ ಹಿಂದಿನ ಸಾಲು ವೇದಿಕೆಯಿಂದ ಎಷ್ಟು ಹೆಜ್ಜೆ? ಅಲ್ಲಿ ಹಾಡಿದರೆ ಮುಂದೆ ಯಾರಾದರೂ ಇಟ್ಟ ರೆಕಾರ್ಡಿಂಗ್ ಯಂತ್ರಕ್ಕೆ ಕೇಳಿಸುತ್ತದೆಯೆ? ಬಂದವರ ಕೈಯಲ್ಲೆಲ್ಲ ಫೋನಿರುತ್ತದೆ, ಅದನ್ನು ಬಾಗಿಲಲ್ಲೇ ಇಸಿದುಕೊಳ್ಳಲು ನಿನ್ನ ಸೌಂಡು ಮಾಮನಿಗೆ ಧೈರ್ಯವಿದೆಯೆ? ಸರಿಯಾಗಿ ಅಳೆದು ಬರಿ.

ಕಿವಿಗೆ ಕೇಳಿಸಲಿ, ಬೇಡ ಎನ್ನುವುದಿಲ್ಲ. ಹಿಡಿದಿಟ್ಟುಕೊಳ್ಳುವುದು ಬೇಡ.

ಬರುವ ವಿಷಯ ಹೇಳಲಾರೆ. ಇಸ್ತ್ರಿ ರಜೆ ಕೊಡುವ ಪೈಕಿ ಅಲ್ಲ.

ಚಿಕ್ಕಮ್ಮ

*

ಜೂನ್ ೫

ಚಿಕ್ಕಮ್ಮ,

ನಲವತ್ತೆರಡು ಹೆಜ್ಜೆ. ಮಾಮ ಅಳೆದ, ನಾನೂ ಅಳೆದೆ. ಹಿಂದಿನ ಸಾಲಿನ ಪಕ್ಕ ಒಂದು ದೊಡ್ಡ ಫ್ಯಾನ್ ಇದೆ, ಲಾರಿಯ ಹಾಗೆ ಸದ್ದು ಮಾಡುತ್ತದೆ. ಸರಿ ಮಾಡಿಸಲಾ?

ಪೀಪಿ

*

ಜೂನ್ ೧೧

ಪೀಪಿ,

ಮುಟ್ಟಬೇಡ.

ಚಿಕ್ಕಮ್ಮ

*

ಜೂನ್ ೨೩

ಚಿಕ್ಕಮ್ಮ,

ನೀನು ಬರಲಿಲ್ಲ. ಏಕೆಂದು ಈಗ ಗೊತ್ತು. ಆದರೆ ಅವತ್ತು ಗೊತ್ತಿರಲಿಲ್ಲ, ಬಾಗಿಲ ಕಡೆ ನೋಡಿ ನೋಡಿ ನನ್ನ ಕುತ್ತಿಗೆ ಉಳುಕಿತು.

ಇನ್ನೂರು ಕುರ್ಚಿ ತುಂಬಿದ್ದವು. ನಿರ್ದೇಶಕರು ಎರಡನೇ ಸಾಲಿನಲ್ಲಿ, ಅವರ ಪಕ್ಕದವನ ತೊಡೆಯ ಮೇಲೆ ಒಂದು ರೆಕಾರ್ಡಿಂಗ್ ಯಂತ್ರ. ಅದು ಫೋನ್ ಅಲ್ಲ ಎಂದು ವಾದಿಸಿ ಒಳಗೆ ತಂದಿದ್ದರು. ಎಂಟು ಹಾಡು ಹಾಡಿದೆ. ಸರಪಳಿಯ ಹಾಡಿಗೆ ಬಸ್ ಕಂಡಕ್ಟರುಗಳು ಚೀಲ ಬಡಿದು ತಾಳ ಹಾಕಿದರು. ಹಾಜರಿಯ ಹಾಡಿನಲ್ಲಿ ನಾನು ಕೂಗಿದ ಹೆಸರಿಗೆಲ್ಲ ಯಾರೋ ಒಬ್ಬಾತ "ಗೈರುಹಾಜರ್!" ಎಂದು ಕೂಗಿದ. ಆಮೇಲೆ ಇಡೀ ಸಭೆ ಕೂಗಿತು.

ಒಂಬತ್ತನೆಯದಕ್ಕೆ ಗಿಟಾರ್ ಕೆಳಗಿಟ್ಟೆ. ಮೊದಲ ಖಾಲಿಯನ್ನು ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು. ಆಗ ಹಿಂದಿನಿಂದ, ಆ ಫ್ಯಾನಿನ ಸದ್ದಿನ ಒಳಗಿನಿಂದ, ಕೇಳಿದರು.

ಏನು ಕೇಳಿದರೆಂದು ಇಲ್ಲಿ ಬರೆಯುವುದಿಲ್ಲ. ನಾನೂ ಕಲಿತಿದ್ದೇನೆ.

ಲಾಂಡ್ರಿಯ ನೀಲಿ ಕೋಟು ತೊಟ್ಟ ಎಂಟು ಹೆಂಗಸರು, ಸಾಲಾಗಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು. ಸಭೆಯೆಲ್ಲ ತಿರುಗಿ ನೋಡಿತು. ಉತ್ತರ ಹೊರಡುವುದಕ್ಕೆ ಒಂದು ಕ್ಷಣ ಹೆಚ್ಚೇ ಹಿಡಿಯಿತು, ಆದರೆ ಹೊರಟಿತು. "ಕಲ್ಲಿಗೆ ಗೊತ್ತು." ಅವರು ಮತ್ತೆ ಕೇಳಿದರು. "ನೀರಿಗೆ ಗೊತ್ತು." ಮೂರನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಹಾಡೋ ಕೂಗೋ ನನಗೇ ಗೊತ್ತಿಲ್ಲ. ಅಮ್ಮ ಏನು ಕೊಡಲು ಬಂದಿದ್ದಳೆಂದು ಆಗ ತಿಳಿಯಿತು. ಆ ಪ್ರಶ್ನೆ ಕೇಳಿಸಿಕೊಳ್ಳದೆ ಆ ಉತ್ತರ ಹಾಡಿದವಳು ಬರೀ ಸದ್ದು ಮಾಡುತ್ತಾಳೆ, ಅಷ್ಟೆ.

ಆಮೇಲೆ ನಿರ್ದೇಶಕರು ವೇದಿಕೆಯ ಹಿಂದೆ ಬಂದರು. ಅವರ ಯಂತ್ರದಲ್ಲಿ ನಾನಿದ್ದೇನೆ, ನನ್ನ ನಡುನಡುವೆ ಒಂದು ಫ್ಯಾನ್ ಇದೆ. ನಾನು ಮುಖ ತಿರುಗಿಸಿ ನಕ್ಕೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಜೇಬಿನಿಂದ ಒಂದು ಹೊಸ ಕಾರ್ಡ್ ತೆಗೆದರು. "ಹಾಡು ೪೧ರ ವಿವರ ತಪ್ಪಾಗಿದೆ ಅಂತ ಇವತ್ತು ಗೊತ್ತಾಯ್ತು. ಆ ಹೆಂಗಸರು ಒಂದು ಸಲ ನಮ್ಮಲ್ಲಿಗೆ ಬಂದು ಹಾಡಿದ್ರೆ ಹಾಡು ಪೂರ್ಣ ಆಗತ್ತೆ" ಎಂದರು. ಬರುವುದಿಲ್ಲ ಎಂದೆ. "ಹಾಗಾದ್ರೆ ಇದರಲ್ಲಿ ಏನು ಬರೀಲಿ?" ಎಂದು ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು. ಪೆನ್ನು ಇಸಿದುಕೊಂಡು ನಾನೇ ಬರೆದೆ:

"ಹಾಡು ೪೧. ಪೂರ್ಣ. ಉಳಿದರ್ಧ ಮನೆಯಲ್ಲಿದೆ."

ಹೆಂಗಸರನ್ನು ಹಿಡಿದುಕೊಳ್ಳಲು ಓಡಿದೆ. ಎಂಟೂಕಾಲಿನ ಬಸ್ಸಿಗೆ ಆಗಲೇ ಹತ್ತಿದ್ದರು. ಕಿಟಕಿಯಿಂದ ಒಬ್ಬಳು ಕೂಗಿ ಹೇಳಿದಳು: "ನಿಮ್ ಚಿಕ್ಕಮ್ಮ ನಮ್ಮೆಲ್ಲರ ಪಾಳಿ ಒಬ್ಳೇ ಮಾಡ್ತಿದಾಳೆ ಕಣೇ! ಎರಡು ತಿಂಗಳಿಂದ ಬಟ್ಟೆ ಮಡಿಸ್ತಾ ಮಡಿಸ್ತಾ ಕಲಿಸ್ಬಿಟ್ಲು!"

ಮಾರ್ಚ್ ತಿಂಗಳಿಡೀ ನಾನು ನಿನ್ನ ಮೌನವನ್ನು ಶಪಿಸಿದ್ದೆ. ಕ್ಷಮಿಸು ಎಂದು ಬರೆದರೆ ನೀನು ಕಾಗದ ವಾಪಸು ಕಳಿಸುತ್ತೀಯ, ಅದಕ್ಕೆ ಬರೆಯುವುದಿಲ್ಲ.

ಪೀಪಿ

*

ಜುಲೈ ೧

ಪೀಪಿ,

ಎಂಟು ಜನವೂ ನಿನ್ನ ಕಥೆಯನ್ನು ಎಂಟು ರೀತಿ ಹೇಳಿದರು. ನಿನ್ನದು ಒಂಬತ್ತನೆಯದು. ನೀನು ಕೊನೆಯಲ್ಲಿ ಕತ್ತೆಯ ಹಾಗೆ ಕಿರುಚಿದೆ ಎನ್ನುವುದರಲ್ಲಿ ಮಾತ್ರ ಎಲ್ಲರದೂ ಒಮ್ಮತ.

ನಮ್ಮ ಮನೆಯ ಪಾಲನ್ನು ಬೇರೆ ಮನೆಯವರಿಗೆ ಕೊಟ್ಟೆನಲ್ಲ ಎಂದು ಮೊದಲು ಅಳುಕಿತ್ತು. ಆಮೇಲೆ ಅಂದುಕೊಂಡೆ, ಕೊಡದೆ ಇಟ್ಟರೆ ನನ್ನ ಜೊತೆ ಮಣ್ಣಿಗೆ ಹೋಗುತ್ತದೆ. ಈಗ ಕೇಳಲು ಒಂಬತ್ತು ಬಾಯಿ ಇದೆ. ಹೇಳಲು ಒಂದೇ. ನೀನು ಬೇಗ ಒಬ್ಬಳನ್ನು ಹುಡುಕಿ ಕಲಿಸು. ಬೇಡ ಎಂದರೆ ಪೊರಕೆ ತಗೊ.

ಅವತ್ತು ಸಂಜೆ ಇಲ್ಲಿ ನಡೆದದ್ದು ಹೇಳುತ್ತೇನೆ. ಒಂಬತ್ತು ಜನರ ಬಟ್ಟೆ ರಾಶಿ ಬಿದ್ದಿತ್ತು. ತುದಿ ಹಿಡಿಯುವವರಿಲ್ಲದೆ, ಬಾಗಿಲ ಚಿಲಕಕ್ಕೆ ಒಂದು ತುದಿ ಸಿಕ್ಕಿಸಿಕೊಂಡು ಮಡಿಸುತ್ತಿದ್ದೆ. ಗೋಡೆಯ ಗಡಿಯಾರ ನೋಡಿಕೊಂಡೆ. ಒಂಬತ್ತನೆಯ ಹಾಡು ಬಂದಿರುತ್ತದೆ ಎಂದು ಲೆಕ್ಕ ಹಾಕಿ ಯಂತ್ರಗಳನ್ನೆಲ್ಲ ನಿಲ್ಲಿಸಿದೆ. ನಿಂತು ನನ್ನ ಪ್ರಶ್ನೆ ಕೇಳಿದೆ, ಪೂರ್ತಿ ದನಿಯಲ್ಲಿ, ಮೂರು ಸಲ. ಪ್ರತಿ ಸಲವೂ ನಿನಗೆ ಉಸಿರಾಡುವಷ್ಟು ಸಮಯ ಬಿಟ್ಟೆ.

ಸದ್ದು ನಿಂತಿತೆಂದು ಇಸ್ತ್ರಿ ಓಡಿ ಬಂದ. "ಯಂತ್ರ ಯಾಕೆ ನಿಲ್ಲಿಸ್ದೆ? ಒಬ್ಳೇ ನಿಂತ್ಕೊಂಡು ಯಾರ ಹತ್ರ ಮಾತಾಡ್ತಿದೀಯಾ?" ಎಂದ.

"ಮಗಳ ಹತ್ರ" ಎಂದೆ.

"ಅವಳು ಊರು ಬಿಟ್ಟು ಹೋಗಿ ಹನ್ನೊಂದು ವರ್ಷ ಆಯ್ತು ಅಂತ ಎಲ್ರೂ ಹೇಳ್ತಾರೆ!"

"ಎಲ್ಲಿಗೂ ಹೋಗಿಲ್ಲ" ಎಂದೆ. ಯಂತ್ರ ಮತ್ತೆ ಹಾಕಿದೆ.

ಚಿಕ್ಕಮ್ಮ